ಆಯಿಯ ತಲೆ ಮುಟ್ಟಿದ ಓಟಗಾರ

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನ ಸಿದ್ರಾಮಪ್ಪ ಮಾತಿಗೆ ನಿಂತನೆಂದರೆ ಗ್ರೋಸರಿ ಅಂಗಡಿಯ ಕೊತ್ತಂಬರಿ ಕಟ್ಟು ಬುಟ್ಟಿಯಲ್ಲೇ ಬಾಡಿ, ಅಂಗಡಿಯವನು ಹೊಸದು ತರಿಸಿ, ಅದೂ ಬಾಡುವಷ್ಟು ಹೊತ್ತು ನಿಲ್ಲುತ್ತಿದ್ದ. ಮಾತೆಲ್ಲ ಒಬ್ಬನದೇ: ಮಗ ನವೀನ. ಗದಗಿನ ಇವರ ವಂಶದಲ್ಲಿ ಬಸ್ಸು ತಪ್ಪೀತೆಂದು ಓಡಿದವರನ್ನು ಬಿಟ್ಟರೆ ಬೇರೆ ಯಾರೂ ಓಡಿದ್ದೇ ಇಲ್ಲ. ಅಂಥ ವಂಶದ ಹುಡುಗ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ರನ್ನಿಂಗ್ ಬ್ಯಾಕು. ಅವನು ಚೆಂಡು ಬಗಲಿಗಿಟ್ಟುಕೊಂಡು ಹೊರಟರೆ ಊರಂಚಿನ ಕೊಲ್ಲಿಯ ಮೇಲಿನ ಮಂಜು ಎರಡು ಸೀಳಾಗಿ ದಾರಿ ಬಿಡುತ್ತದೆ ಎಂದು ಸಿದ್ರಾಮಪ್ಪ ಹೇಳುತ್ತಿದ್ದ. ಕೇಳಿದವರು ನಂಬುತ್ತಿದ್ದರು. ನಂಬದೆ ಹೋದರೆ ಇನ್ನೊಮ್ಮೆ ಹೇಳುತ್ತಾನೆಂಬ ಭಯ.

ಅಮೆರಿಕದ ಈ ಫುಟ್‌ಬಾಲಿನಲ್ಲಿ ಪಾದಕ್ಕಿಂತ ಹೆಗಲಿಗೇ ಕೆಲಸ ಜಾಸ್ತಿ. ಸಿದ್ರಾಮಪ್ಪ ಅದನ್ನು ವಿವರಿಸುತ್ತಿದ್ದ ಕ್ರಮವೇ ಬೇರೆ. ಹಬ್ಬದ ಹಿಂದಿನ ದಿನದ ಹುಬ್ಬಳ್ಳಿ ಬಸ್‌ಸ್ಟ್ಯಾಂಡು ನೆನಪಿಸಿಕೊಳ್ಳಿ, ಎನ್ನುತ್ತಿದ್ದ. ಬಸ್ಸು ಬಂದಿದೆ, ಬಾಗಿಲ ಮುಂದೆ ಊರೇ ಇದೆ. ಮನೆಯ ದಾಂಡಿಗರೆಲ್ಲ ಮುಂದೆ ನುಗ್ಗಿ, ಎಡಕ್ಕೆ ಬಲಕ್ಕೆ ಜನರನ್ನು ಒತ್ತರಿಸಿ ಒಂದು ಸಂದು ಮಾಡುತ್ತಾರೆ. ಆ ಸಂದಿನಲ್ಲಿ ಸಪೂರ ಹುಡುಗನೊಬ್ಬ ನುಸುಳಿ ಹೋಗಿ ಸೀಟಿನ ಮೇಲೆ ಟವೆಲ್ಲು ಹಾಸುತ್ತಾನೆ. ದಾಂಡಿಗರ ಕೆಲಸಕ್ಕೆ ಇಲ್ಲಿ ಬ್ಲಾಕಿಂಗು ಅಂತಾರೆ. ಟವೆಲ್ಲು ಹಾಸುವವನು ನನ್ನ ಮಗ.

ಈ ವರ್ಷ ಮಾತ್ರ ಟವೆಲ್ಲು ಸೀಟು ಮುಟ್ಟಲೇ ಇಲ್ಲ. ಪ್ರತಿ ಶನಿವಾರವೂ ಅದೇ ಕಥೆ. ಚೆಂಡು ನವೀನನ ಕೈಗೆ ಬರುತ್ತಿತ್ತು, ಎರಡು ಹೆಜ್ಜೆ ಹಾಕುತ್ತಿದ್ದ, ಮೈಮೇಲೆ ಮೈ ಬಿದ್ದು ಗುಡ್ಡವಾಗುತ್ತಿತ್ತು, ಗುಡ್ಡದ ಅಡಿಯಲ್ಲಿ ನವೀನ. ಮಂಡ್ಯದ ಮಧುಕರ್ ಪಕ್ಕದ ಬೀದಿಯವನು, ಆಟಕ್ಕೆ ಪ್ರತಿಸಲ ಜೊತೆಗೆ ಬರುವವನು. ಅವನಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಿರಲಿಲ್ಲ.

"ಸಿದ್ರಾಮಪ್ಪನೋರೇ, ನಿಮ್ಮ ಹುಡುಗ ಓಡೋಕೆ ಹೋಗ್ತಾನೋ, ಜಾಗ ನೋಡಿ ಕೂತ್ಕೊಳ್ಳೋಕೆ ಹೋಗ್ತಾನೋ?" ಎಂದು ಕೇಳಿದ.

ಸಿದ್ರಾಮಪ್ಪನ ಬಳಿ ಉತ್ತರ ಸಿದ್ಧವಿತ್ತು. ಮುಂದೆ ನಿಂತು ದಾರಿ ಮಾಡಬೇಕಾದ ಐವರು ಮೈಗಳ್ಳರು. ಬಾಗಿಲೇ ತೆಗೆಯದಿದ್ದರೆ ಹುಡುಗ ಕಿಟಕಿಯಿಂದ ಹಾರಬೇಕೇನು?

ಆದರೆ ಒಂದು ಸಂಜೆ ಫ್ರೀವೇಯ ಮೇಲೆ, ಕಾರುಗಳೆಲ್ಲ ಬೇರು ಬಿಟ್ಟಂತೆ ನಿಂತಿದ್ದಾಗ, ನವೀನ ಕಿಟಕಿಯಾಚೆ ನೋಡುತ್ತ ಇಂಗ್ಲಿಷಿನಲ್ಲಿ ಒಂದು ಸುದ್ದಿ ಹೇಳಿದ. ಕೋಚು ಕರೆದು ಮಾತಾಡಿದ್ದಾರೆ. ಎಫರ್ಟು ಕಾಣುತ್ತಿಲ್ಲವಂತೆ. ಉಳಿದಿರುವುದು ಒಂದೇ ಆಟ. ಅದರಲ್ಲೂ ಹೀಗೇ ಆದರೆ ಮುಂದಿನ ವರ್ಷ ತಂಡದಲ್ಲಿ ಜಾಗವಿಲ್ಲ. ಹೈಸ್ಕೂಲಿನಿಂದ ಅದೊಂದನ್ನೇ ಕನಸಿನಲ್ಲೂ ಬಡಬಡಿಸಿದ ಹುಡುಗ ಇಷ್ಟು ಹೇಳಿ ಬಾಯಿ ಮುಚ್ಚಿದ. ಹಿಂದಿನ ಕಾರುಗಳೆಲ್ಲ ಹಾರ್ನು ಹೊಡೆದವು. ಮುಂದಿನ ರಸ್ತೆ ಸರಟೋಗಾದವರೆಗೂ ಖಾಲಿಯಾಗಿದ್ದರೂ ಅವನಿಗೆ ಅದು ಕಾಣಲಿಲ್ಲ.

ಮರುದಿನ ಆಫೀಸಿನಲ್ಲಿ ಯಾರೋ ಅವನಿಗೊಂದು ಪದ್ಧತಿ ಹೇಳಿದರು. ರನ್ನಿಂಗ್ ಬ್ಯಾಕು ಆದವನು ತನ್ನ ಮುಂದೆ ದಾರಿ ಮಾಡಿಕೊಡುವ ಬ್ಲಾಕರುಗಳಿಗೆ ಹೊಟ್ಟೆ ತುಂಬ ಊಟ ಹಾಕಿಸಬೇಕಂತೆ. ಇದನ್ನು ಕೇಳಿದ್ದೇ ಸಿದ್ರಾಮಪ್ಪ ಮೀಟಿಂಗಿನ ಮಧ್ಯೆಯೇ ಎದ್ದು ನಿಂತ. ಮೂರು ವರ್ಷ ಆ ಐವರ ಕೈಲಿ ದುಡಿಸಿಕೊಂಡು ಒಂದು ತುತ್ತು ಹಾಕಿಲ್ಲ, ಅವರು ದಾರಿ ಹೇಗೆ ಬಿಟ್ಟಾರು? ಗದಗಿನಲ್ಲಾದರೆ ಒಂದು ಕಳೆ ಕೀಳಿಸಿದರೂ ಆಳಿಗೆ ರೊಟ್ಟಿ ಕೊಟ್ಟೇ ಕಳಿಸುತ್ತಾರೆ. ಭಾನುವಾರ ಮಧ್ಯಾಹ್ನ ಐವರೂ ಮನೆಗೆ ಊಟಕ್ಕೆ ಬರಬೇಕೆಂದು ಮಗನ ಫೋನಿನಿಂದಲೇ ಕರೆಸಿದ. ನವೀನ ಬೇಡವೆಂದ, ಕೋಪಿಸಿಕೊಂಡ, ಕೊನೆಗೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡ. ನಾಚಿಕೆ ಇರಬೇಕು ಎಂದುಕೊಂಡ ಅಪ್ಪ.

ಭಾನುವಾರ ಅವರು ಬಂದರು. ಮೊದಲನೆಯವನು ಒಳಗೆ ಕಾಲಿಟ್ಟಾಗ ನಡುಮನೆಯ ಬೆಳಕು ಹೋಯಿತು. ಎರಡನೆಯವನು ಬಂದಾಗ ಗೋಡೆಯ ಗಡಿಯಾರ ನಿಂತಿತು. ಐವರೂ ಕೂತ ಮೇಲೆ ಮನೆ ಕೊಲ್ಲಿಯ ಕಡೆಗೆ ಒಂದು ಗೇಣು ವಾಲಿದ್ದನ್ನು ಎದುರುಮನೆಯವರು ಕಣ್ಣಾರೆ ಕಂಡರು. ಐವರ ನಾಯಕ ಟೆವಿಟಾ ಎಂಬ ಟೊಂಗಾ ದ್ವೀಪದ ಮೂಲದ ಹುಡುಗ. ಅವನ ಕತ್ತಿನಲ್ಲಿ ಬೇರೆಯವರ ಸೊಂಟ ಕೂರಿಸಬಹುದಿತ್ತು. ಸ್ವಭಾವ ಮಾತ್ರ ಹಾಲು ಕುಡಿಯುವ ಕರುವಿನದು. ಬಾಗಿಲಲ್ಲೇ ಶೂ ಕಳಚಿದ. ಅವು ದೋಣಿಗಳಂತೆ ಮೆಟ್ಟಿಲ ಮೇಲೆ ಮಲಗಿದವು.

ಅಡುಗೆಮನೆಯಲ್ಲಿ ಸಿದ್ರಾಮಪ್ಪನ ತಾಯಿ ಈರವ್ವ ನಸುಕಿನಿಂದ ರೊಟ್ಟಿ ಬಡಿದು ಬಡಿದು ಓಕ್ಲೆಂಡಿನವರೆಗೆ ಸದ್ದು ಕಳಿಸಿದ್ದಳು. ಹೆಂಡತಿ ಉಮಾಶ್ರೀ ಎಣ್ಣೆಗಾಯಿಗೆಂದು ಊರಿನ ಬದನೆಕಾಯಿಯನ್ನೆಲ್ಲ ಖಾಲಿ ಮಾಡಿಸಿದ್ದಳು. ಶೇಂಗಾ ಚಟ್ನಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ. ರೊಟ್ಟಿಯ ಗೋಪುರ ಬಂದದ್ದು ಕಂಡಿತು, ಹೋದದ್ದು ಕಾಣಲಿಲ್ಲ. ಖಾರಕ್ಕೆ ಐವರ ಕಣ್ಣಿನಿಂದ ಹರಿದ ನೀರಿಗೆ ಅಂಗಳದ ಕರಿಬೇವು ಚಿಗುರಿತು. ಆದರೂ ಯಾರೂ ಕೈ ತೆಗೆಯಲಿಲ್ಲ. ಈರವ್ವನಿಗೆ ಜನ್ಮ ಸಾರ್ಥಕವಾಯಿತು. "ಇನ್ನೊಂದ ತಿನ್ನಪಾ, ನಿನ್ನ ಹೊಟ್ಟಿ ಇನ್ನೂ ಖಾಲಿ ಐತಿ" ಎಂದು ಟೆವಿಟಾನ ತಟ್ಟೆಗೆ ಹಾಕುತ್ತಲೇ ಹೋದಳು. ಅವನಿಗೆ ಮಾತು ತಿಳಿಯಲಿಲ್ಲ, ತಟ್ಟೆ ತಿಳಿಯಿತು. ನವೀನ ಮಾತ್ರ ಒಂದು ರೊಟ್ಟಿಯನ್ನು ಮುರಿಯುತ್ತ, ಮುರಿದದ್ದನ್ನೇ ಮುರಿಯುತ್ತ ಕೂತಿದ್ದ.

ಹೋಳಿಗೆ ಬಂದಾಗ ಸಿದ್ರಾಮಪ್ಪ ಗಂಟಲು ಸರಿಮಾಡಿಕೊಂಡು ಭಾಷಣಕ್ಕೆ ನಿಂತ. ನೀವು ನಮ್ಮ ಮನೆಯ ಮಕ್ಕಳಿದ್ದಂತೆ ಎಂದ. ಇಷ್ಟು ದಿನ ಕರೆಯದಿದ್ದುದು ನನ್ನ ತಪ್ಪು ಎಂದ. ಆಮೇಲೆ ದನಿ ಇಳಿಸಿ, ಬರುವ ಶನಿವಾರ ನನ್ನ ಮಗನಿಗೆ ಒಂಚೂರು ದಾರಿ ಬಿಡಿಸಿಕೊಡಿ, ಬಹಳ ಬೇಡ, ಒಬ್ಬ ಮನುಷ್ಯ ಹಿಡಿಯುವಷ್ಟು, ಎಂದು ಕೈ ಮುಗಿದ.

ಐವರ ದವಡೆಗಳೂ ಒಟ್ಟಿಗೆ ನಿಂತವು. ಟೆವಿಟಾ ಹೋಳಿಗೆಯನ್ನು ಮೆಲ್ಲಗೆ ತಟ್ಟೆಯಲ್ಲಿಟ್ಟು ನವೀನನ ಕಡೆ ನೋಡಿದ. ನವೀನ ತಲೆ ಎತ್ತಲಿಲ್ಲ. ಟೆವಿಟಾ ಕೈ ಒರೆಸಿಕೊಂಡು, ಫೋನು ತೆಗೆದು, ಹೋದ ವಾರದ ಆಟದ ವಿಡಿಯೋ ಹಚ್ಚಿ ಸಿದ್ರಾಮಪ್ಪನ ಮುಂದೆ ಹಿಡಿದ.

ಸಿದ್ರಾಮಪ್ಪ ಪ್ರತಿಸಲವೂ ನೋಡಿದ್ದು ಚೆಂಡನ್ನು, ಆಮೇಲೆ ಗುಡ್ಡವನ್ನು. ಮಧ್ಯದ್ದನ್ನು ನೋಡಿರಲಿಲ್ಲ. ಈಗ ನೋಡಿದ. ಐವರೂ ಬಗ್ಗಿ ಎದುರಿನವರ ಎದೆಗೆ ಹೆಗಲು ಕೊಟ್ಟು ಎಡಕ್ಕೆ ಬಲಕ್ಕೆ ತಳ್ಳಿದ್ದರು. ನಡುವೆ ತೆರೆದ ದಾರಿ ಎಂಥದ್ದು! ಎರಡು ಕೆಂಪು ಬಸ್ಸು ಅಕ್ಕಪಕ್ಕ ಹೋಗಬಹುದಿತ್ತು. ನವೀನ ಅದರ ಬಾಯಿಗೆ ಬಂದ. ಎದುರಿನಿಂದ ಒಬ್ಬ ಓಡಿಬಂದ, ಇನ್ನೂ ಮಾರು ದೂರವಿದ್ದ. ನವೀನ ಮಂಡಿ ಮಡಚಿ, ಚೆಂಡನ್ನು ತಬ್ಬಿಕೊಂಡು, ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ ನೆಲಕ್ಕೆ ಕೂತುಬಿಟ್ಟ. ಗುಡ್ಡ ಬಿದ್ದದ್ದು ಆಮೇಲೆ.

ಟೆವಿಟಾ ಇನ್ನೊಂದು ಆಟದ್ದು ತೋರಿಸಿದ. ಅಲ್ಲೂ ಕೂತ. ಮತ್ತೊಂದರಲ್ಲೂ ಕೂತ.

"ನಾವು ಬಾಗಿಲು ತೆಗೀತೀವಿ ಸರ್. ಇವನು ಒಳಗೆ ಬರಲ್ಲ. ಕೋಚು ನಮ್ಮನ್ನೂ ಕೇಳಿದ್ರು, ಮಂಡಿ ನೋವಿರಬೇಕು ಅಂತ ಸುಳ್ಳು ಹೇಳಿದೀವಿ" ಎಂದು ಟೆವಿಟಾ ಇಂಗ್ಲಿಷಿನಲ್ಲಿ ಹೇಳಿದ.

ಸಿದ್ರಾಮಪ್ಪನ ಬಾಯಿ ತೆರೆಯಿತು. ಆ ಬಾಯಿ ಹುಟ್ಟಿದಂದಿನಿಂದ ಮಾತಿಲ್ಲದೆ ತೆರೆದದ್ದು ಅದೇ ಮೊದಲು. ಉಮಾಶ್ರೀ ಕೈಯಲ್ಲಿದ್ದ ತುಪ್ಪದ ಬಟ್ಟಲು ಓರೆಯಾಗಿ ತುಪ್ಪ ಮೇಜಿನ ಮೇಲೆ ಹರಿಯುತ್ತಿತ್ತು, ಯಾರೂ ಒರೆಸಲಿಲ್ಲ.

"ಯಾಕೋ?" ಎಂದ ಅಪ್ಪ.

ನವೀನ ಅಜ್ಜಿಯ ಕಡೆ ನೋಡಿದ. ತಿಂಗಳುಗಟ್ಟಲೆ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗ ಮೆಲ್ಲಗೆ ಕನ್ನಡದಲ್ಲಿ ಹೇಳಿದ: "ಆಯಿ ತಲಿ ಮುಟ್ಟೀನಿ."

ಈರವ್ವನ ಕೈಯ ಸೌಟು ಅಲ್ಲೇ ನಿಂತಿತು. ಅವಳಿಗೆ ನೆನಪಾಯಿತು. ಬೇಸಿಗೆಯಲ್ಲಿ ಟೀವಿಯಲ್ಲಿ ಯಾವುದೋ ಹಳೆಯ ಆಟದಲ್ಲಿ ಹುಡುಗನೊಬ್ಬನನ್ನು ಸ್ಟ್ರೆಚರಿನ ಮೇಲೆ ಹೊತ್ತೊಯ್ದದ್ದನ್ನು ಅವಳು ನೋಡಿದ್ದಳು. ಆಗಲೇ ಮೊಮ್ಮಗನ ಕೈಯನ್ನು ತನ್ನ ನೆತ್ತಿಯ ಮೇಲೆ ಇಡಿಸಿಕೊಂಡು, ಆಟದಾಗ ಯಾರ ಕೈಲೂ ಬಡಿಸಿಕೊಳ್ಳಂಗಿಲ್ಲ, ಮಾತು ತಪ್ಪಿದರ ನನ್ನ ತಲಿ ಒಡದ ಹೋಳಾಗ್ತೈತಿ, ಎಂದು ಆಣೆ ಹಾಕಿಸಿದ್ದಳು. ಅವಳ ಪಾಲಿಗೆ ಆಣೆಯೆಂದರೆ ದಿನದ ಊಟದಷ್ಟು ಸಾಮಾನ್ಯ. ಹಾಲು ಕುಡಿಸಲು ಆಣೆ, ತಲೆಗೆ ಎಣ್ಣೆ ಹಚ್ಚಲು ಆಣೆ. ಮಗ ಸಿದ್ರಾಮಪ್ಪ ಚಿಕ್ಕಂದಿನಲ್ಲಿ ಮುರಿದ ಆಣೆಗಳಿಗೆ ಅವಳ ತಲೆ ಒಡೆಯುವುದಿದ್ದರೆ ಗದಗ ಜಿಲ್ಲೆಯೆಲ್ಲ ಹೋಳು ಚೆಲ್ಲಿರುತ್ತಿತ್ತು. ಇಲ್ಲಿ ಹುಟ್ಟಿದ ಹುಡುಗ ಅದನ್ನು ನಿಜವೆಂದು ಹಿಡಿದಾನೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ನೀ ಅದನ್ನ ಖರೇ ಅಂತ ತಿಳಕೊಂಡೇನೋ?" ಎಂದಳು.

ನವೀನ ಇಂಗ್ಲಿಷಿಗೆ ಮರಳಿ ಗೆಳೆಯರಿಗೆ ಆಣೆಯ ವಿಷಯ ತಿಳಿಸಿ, ಅಜ್ಜಿಯ ಕಡೆ ತಿರುಗಿದ. ಚೆಂಡು ಕೈಗೆ ಬಂದಾಗಲೆಲ್ಲ ನಿನ್ನ ತಲೆಯೇ ಕಣ್ಣ ಮುಂದೆ ಬರುತ್ತದೆ, ನಾನೇನು ಮಾಡಲಿ, ಎಂದ. ಉಮಾಶ್ರೀ ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಳು.

ಟೆವಿಟಾ ನಗಲಿಲ್ಲ. ಉಳಿದವರಲ್ಲಿ ಒಬ್ಬ ನಗಲು ಹೊರಟಾಗ ಅವನ ತೊಡೆ ಹಿಡಿದು ಅದುಮಿದ. ನನ್ನ ಅಜ್ಜಿಯೂ ಹೀಗೇ, ಈ ಆಣೆಯನ್ನು ಬಿಡಿಸುವುದು ಹೇಗೆ, ಎಂದು ಕೇಳಿದ.

ಸಿದ್ರಾಮಪ್ಪ ತಾಯಿಯ ಕಡೆ ತಿರುಗಿ, ಯವ್ವಾ, ಹಿಂದಕ್ಕೆ ತಗೊಂಡುಬಿಡು, ಎಂದ. ಈರವ್ವ ಬಾಯಿ ಬಿಗಿಹಿಡಿದಳು. ಆಣೆ ಸುಳ್ಳಿರಬಹುದು, ಸ್ಟ್ರೆಚರು ಸುಳ್ಳಲ್ಲವಲ್ಲ. ಅವಳು ಟೆವಿಟಾನ ಎದುರು ಕುರ್ಚಿ ಎಳೆದು ಕೂತು, ಸೊಸೆಯನ್ನು ಮಧ್ಯೆ ಇಟ್ಟುಕೊಂಡು ಒಂದೇ ಪ್ರಶ್ನೆ ಕೇಳಿದಳು. ನೀವು ಐದು ಮಂದಿ ಇದ್ದರೆ ಇವನಿಗೆ ಪೆಟ್ಟು ಬೀಳುವುದಿಲ್ಲ ತಾನೇ?

ಸುಳ್ಳು ಹೇಳಿದ್ದರೆ ಕೆಲಸ ಅಲ್ಲೇ ಮುಗಿಯುತ್ತಿತ್ತು. ಟೆವಿಟಾ ಅಡ್ಡಡ್ಡ ತಲೆಯಾಡಿಸಿದ. ಬೀಳುತ್ತದೆ, ನಾವು ದಾಟಿಸುವುದು ಬಾಗಿಲನ್ನು ಮಾತ್ರ, ಆಚೆಗೂ ಜನ ಇರುತ್ತಾರೆ, ಎಂದ.

"ಮತ್ತ ನಿಮಗ?"

ನಮಗೆ ಪ್ರತಿಸಲವೂ ಬೀಳುತ್ತದೆ ಎಂದು ಅವನು ಕೈಗಳನ್ನು ಮೇಜಿನ ಮೇಲೆ ಇಟ್ಟ. ಹೋಳಿಗೆ ತಿನ್ನುವಾಗ ಯಾರೂ ಗಮನಿಸಿರಲಿಲ್ಲ. ಬೆರಳುಗಳು ಶುಂಠಿಯ ಗೆಣ್ಣುಗಳಂತೆ ದಿಕ್ಕಿಗೊಂದು ತಿರುಗಿದ್ದವು. ಎರಡಕ್ಕೆ ಪಟ್ಟಿ ಸುತ್ತಿತ್ತು. ಒಂದರ ಉಗುರು ಇರಲಿಲ್ಲ. ಈರವ್ವ ಉಳಿದ ನಾಲ್ವರ ಕೈಗಳನ್ನೂ ಒಂದೊಂದಾಗಿ ಹಿಡಿದು ತಿರುಗಿಸಿ ನೋಡಿದಳು. ಬೇಸಿಗೆಯಿಂದ ಈ ಮಕ್ಕಳು ಇಷ್ಟು ಪೆಟ್ಟು ತಿಂದದ್ದು, ಅವಳ ಮೊಮ್ಮಗ ಸುಖವಾಗಿ ಕೂರಲೆಂದು!

ಅವಳು ನವೀನನ ಮುಂದೆ ಹೋಗಿ ನಿಂತಳು.

"ಇವರೆಲ್ಲಾ ಬಡಿಸ್ಕೊಂಡು ಬಾಗಲಾ ತಗದಾರ. ನೀ ಹೊಸ್ತಿಲದಾಗ ಕುಂತೀ. ಕುಂಡ್ರಿಸಿದಾಕಿ ನಾನ." ಅವನ ಕೈಯನ್ನು ಎತ್ತಿ ತನ್ನ ನೆತ್ತಿಯ ಮೇಲಿಟ್ಟುಕೊಂಡು, ಆಮೇಲೆ ತಾನೇ ಅದನ್ನು ಕೆಳಗಿಳಿಸಿದಳು. "ನನ್ನ ಆಣಿ ನಾನ ಹಿಂದಕ್ಕ ತಗೊಂಡೆ. ಶನಿವಾರ ನಾನೂ ಬರ್ತೀನಿ."

ಆಣೆ ಹೀಗೆ ಬಿಟ್ಟುಹೋಗುತ್ತದೆ ಎಂದು ನವೀನನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ವಾರವಿಡೀ ಅಜ್ಜಿ ಕೆಮ್ಮಿದರೆ ತಿರುಗಿ ನೋಡುತ್ತಿದ್ದ.

ಶನಿವಾರ ಸ್ಟೇಡಿಯಮ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅರ್ಧ ಕ್ಯಾಲಿಫೋರ್ನಿಯಾ ಅಲ್ಲಿತ್ತು, ಉಳಿದರ್ಧ ಪಾರ್ಕಿಂಗು ಹುಡುಕುತ್ತಿತ್ತು. ಪ್ರತಿಸಲವೂ ಮೇಲಿನ ಸಾಲಿನಲ್ಲಿ ಕೂತು ಭಾಷಣ ಮಾಡುತ್ತಿದ್ದ ಸಿದ್ರಾಮಪ್ಪ ಈ ಸಲ ತಾಯಿಗಾಗಿ ಕೆಳಗಿನ ಸಾಲಿನಲ್ಲಿ ಕೂತ. ಅಲ್ಲಿ ಅವನಿಗೆ ಆಟದ ಸದ್ದು ಮೊದಲ ಬಾರಿಗೆ ಕೇಳಿತು. ಟೀವಿಯಲ್ಲಿ ಆ ಸದ್ದು ಇಲ್ಲ. ಲಾರಿಯಿಂದ ಅಕ್ಕಿಮೂಟೆಗಳನ್ನು ಕಲ್ಲಿನ ಮೇಲೆ ಎಸೆದಂತೆ, ಒಂದರ ಹಿಂದೆ ಒಂದು. ಇಷ್ಟು ವರ್ಷ ಇದನ್ನೇ ನಾನು ಟವೆಲ್ಲು ಹಾಸುವುದು ಎನ್ನುತ್ತಿದ್ದೆನಲ್ಲ ಎಂದುಕೊಂಡ. ಪಕ್ಕದಲ್ಲಿ ಮಧುಕರ್ ಏನೋ ಚೇಷ್ಟೆ ಮಾತಾಡಿದ. ಇವನಿಗೆ ಕೇಳಲಿಲ್ಲ.

ಚೆಂಡು ನವೀನನ ಕೈಗೆ ಬಂತು. ಟೆವಿಟಾ ಮತ್ತು ನಾಲ್ವರು ಬಗ್ಗಿ ನುಗ್ಗಿದರು. ರೊಟ್ಟಿಯ ಬಲವೋ ಏನೋ, ಎದುರಿನವರು ಒದ್ದೆ ಬಟ್ಟೆಯಂತೆ ಹಿಂದಕ್ಕೆ ಜಾರಿದರು. ದಾರಿ ತೆರೆಯಿತು. ಸಿದ್ರಾಮಪ್ಪ ಈ ಸಲ ಚೆಂಡನ್ನು ನೋಡಲಿಲ್ಲ, ಮಗನ ಮಂಡಿಗಳನ್ನೇ ನೋಡಿದ. ಅವು ಒಂದು ಕ್ಷಣ ಮಡಚಿದವು. ಆಮೇಲೆ ನೆಟ್ಟಗಾದವು. ನವೀನ ಒಳಗೆ ಹೋದ. ಆಚೆಯಿಂದ ಬೀರುವಿನಂಥವನೊಬ್ಬ ಎದುರಾದ. ನವೀನ ತಲೆ ಓರೆ ಮಾಡಿ ಹೆಗಲು ಕೊಟ್ಟ. ಆ ಸದ್ದು ಕೊಲ್ಲಿಯಾಚೆಯ ಫಾಸ್ಟರ್ ಸಿಟಿಯ ನೀರಿನಲ್ಲಿ ಅಲೆ ಎಬ್ಬಿಸಿತು. ಆದರೂ ಕಾಲು ನಿಲ್ಲಲಿಲ್ಲ. ಬೀರುವನ್ನೇ ಎಳೆದುಕೊಂಡು ಹೋಗುತ್ತಿದ್ದ ಕಾಲು. ಇನ್ನೊಬ್ಬ ಬಿದ್ದ. ಮತ್ತೊಬ್ಬ ಬಿದ್ದ. ಗುಡ್ಡವಾಯಿತು.

ಗುಡ್ಡ ಕರಗಿ ಎಲ್ಲರೂ ಎದ್ದರು. ನವೀನ ಏಳಲಿಲ್ಲ.

ಹುಲ್ಲಿನ ಮೇಲೆ ಅಂಗಾತ ಬಿದ್ದ ಹುಡುಗ ಕೈಯನ್ನು ನೋಡಿಕೊಳ್ಳಲಿಲ್ಲ, ಕಾಲನ್ನು ನೋಡಿಕೊಳ್ಳಲಿಲ್ಲ. ಹೆಲ್ಮೆಟ್ಟನ್ನು ತಿರುಗಿಸಿ ಜನರ ಸಾಲುಗಳಲ್ಲಿ ಹುಡುಕುತ್ತಿದ್ದ.

ಏನನ್ನು ಹುಡುಕುತ್ತಿದ್ದಾನೆಂದು ತಿಳಿದದ್ದು ಈರವ್ವನಿಗೊಬ್ಬಳಿಗೆ. ಅವಳು ಮಗನ ಹೆಗಲ ಮೇಲೆ ಕೈಯೂರಿ, ಸೀರೆ ಎತ್ತಿ ಕಟ್ಟಿ, ಕುರ್ಚಿಯ ಮೇಲೆಯೇ ಹತ್ತಿ ನಿಂತಳು. ಸೆರಗನ್ನು ತಲೆಯ ಮೇಲಿಂದ ಸರಿಸಿ, ಬೆಳ್ಳಗಿನ ತುರುಬನ್ನು ಬಿಸಿಲಿಗೆ ಒಡ್ಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ತಿರುಗಿಸಿ ತೋರಿಸಿದಳು.

ಹುಲ್ಲಿನ ಮೇಲಿನ ಹುಡುಗ ಅದನ್ನು ಬಹಳ ಹೊತ್ತು ನೋಡಿದ. ಟೆವಿಟಾ ಬಂದು ಅವನ ಅಂಗಿಯನ್ನು ಹಿಡಿದು ಬೆಕ್ಕಿನ ಮರಿಯಂತೆ ಎತ್ತಿ ನಿಲ್ಲಿಸಿದ. ಮುಂದಿನ ಸಲವೂ ಕೋಚು ಚೆಂಡನ್ನು ನವೀನನಿಗೇ ಕೊಡಿಸಿದರು.

"ಎಷ್ಟು ಗಜ ಹೋದ ಸಾರ್?" ಎಂದು ಮಧುಕರ್ ಕೇಳಿದ. ಈ ಸಲ ದನಿಯಲ್ಲಿ ಚೇಷ್ಟೆಯಿರಲಿಲ್ಲ.

ಕುರ್ಚಿಯ ಮೇಲೆ ನಿಂತ ತಾಯಿ ಬಿದ್ದಾಳೆಂದು ಸಿದ್ರಾಮಪ್ಪ ಅವಳ ಎರಡೂ ಕಾಲುಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದ. ಹೇಳಲು ಬಾಯಿ ತೆರೆದ, ಆದರೆ ಗಜ ಎಷ್ಟೆಂದು ಅವನು ನೋಡಿಯೇ ಇರಲಿಲ್ಲ.