ಚೀಟಿಯಲ್ಲಿ ಬರೆದ ಶುಕ್ರವಾರ

ಸ್ಕ್ಯಾನಿನ ತಣ್ಣನೆಯ ಜೆಲ್ ತಾಗಿದರೆ ಎಲ್ಲ ಮಕ್ಕಳೂ ಉಸಿರು ಬಿಗಿಹಿಡಿಯುತ್ತವೆ, ಜುಮಾನಾ ಮಾತ್ರ ನಗುತ್ತಾಳೆ — ಹನ್ನೊಂದು ವರ್ಷ, ಅದರಲ್ಲಿ ಆರು ವರ್ಷ ಸಂಧಿವಾತ, ಬೆರಳ ಗಂಟುಗಳು ಮತ್ತೆ ಊದಿವೆ, ಮುಂಗೈಗೆ ಪಟ್ಟಿ ಬಿಗಿದು ಗಾಳಿ ತುಂಬಿದ್ದೇನೆ, ಐದು ನಿಮಿಷ ರಕ್ತ ನಿಲ್ಲಬೇಕು, ಬಿಟ್ಟೊಡನೆ ತೋಳಿನ ನಾಳ ಹಿಗ್ಗಬೇಕು, ಹೋದ ವರ್ಷ ಹಿಗ್ಗಿತ್ತು, ಉರಿಯೂತ ಕೀಲುಗಳಲ್ಲೇ ಕೂರುವುದಿಲ್ಲ, ನಾಳದ ಒಳಪದರವನ್ನೂ ಕೆಡಿಸುತ್ತ ಹೃದಯದವರೆಗೆ ಹೋಗುತ್ತದೆ — ಡಾಕ್ಟ್ರೇ, ನನ್ನ ಕೈ ಸತ್ತೋಯ್ತು, ಅಜ್ಜಿಗೆ ಹೇಳ್ಬೇಡಿ, ಅಳೋಕೆ ಓಣಿ ಹೆಂಗಸರನ್ನೆಲ್ಲ ಸೇರಿಸ್ತಾಳೆ. ಥೂ, ಬಿಡ್ತು ಅನ್ನೇ, ನಿನ್ನ ಕಿವಿ ಹಿಂಡ್ತೀನಿ, ಎಂದು ಮೂಲೆಯ ಕುರ್ಚಿಯಿಂದ ಅಜ್ಜಿ ಹಾಜಾ ಬಹಿಯ್ಯಾ, ಇಬ್ಬರೂ ನಗುತ್ತಾರೆ, ನಾನು ಪರದೆ ನೋಡುತ್ತೇನೆ, ನಾಳದ ಗೋಡೆಗಳು ಎರಡು ಬಿಳಿ ಗೆರೆ, ನಡುವೆ ಕಪ್ಪು — ಈಗಷ್ಟೇ ಕೇಳಿದ್ದೆ, ವಾರದ ಸೂಜಿ ತಪ್ಪಿಲ್ಲ ತಾನೆ, ಮುದುಕಿ ಎಷ್ಟು ನಿರಾಳವಾಗಿ ಹೇಳಿದಳು, ಹಳದಿ ಮಾತ್ರೆ ತಪ್ಪಿಸಿಲ್ಲ ಮಗಳೇ, ಸೂಜಿ ಮಾತ್ರ ರಂಜಾನ್‌ನಿಂದ ನಿಲ್ಸಿದೀನಿ, ಶುಕ್ರವಾರ ಅಲ್ವಾ, ನಾಲ್ಕು ಗಂಡುಮಕ್ಕಳು, ಸೊಸೇರು, ಮೊಮ್ಮಕ್ಕಳು, ಎಲ್ರೂ ಊಟಕ್ಕೆ ಬರ್ತಾರೆ, ಬಾತುಕೋಳಿ ಮಾಡಿರ್ತೀನಿ, ಇವಳೊಬ್ಬಳು ಬಚ್ಚಲಲ್ಲಿ ವಾಂತಿ ಮಾಡ್ತಿದ್ರೆ ನಂಗೆ ತುತ್ತು ಇಳಿಯುತ್ತಾ? ಆ ಹಳದಿ ಮಾತ್ರೆ ಸೂಜಿಯ ತೊಂದರೆ ತಗ್ಗಿಸಲು ಕೊಟ್ಟದ್ದು, ಸೂಜಿಯೇ ಇಲ್ಲದ ಮೇಲೆ ಬರೀ ವಿಟಮಿನ್, ಐದು ತಿಂಗಳು ಬರೀ ವಿಟಮಿನ್ — ಬೈಯಲು ಬಾಯಿ ತೆರೆದೆ, ಆದರೆ ಚೀಟಿಯಲ್ಲಿ ಶುಕ್ರವಾರ ಎಂದು ಬರೆದದ್ದು ನಾನು, ನನ್ನದೇ ಅಕ್ಷರ, ವಾರದ ರಜೆ, ಶಾಲೆ ಇರುವುದಿಲ್ಲ, ಮಲಗಿರಬಹುದು ಎಂದುಕೊಂಡು, ಅವತ್ತು ನಮ್ಮ ತಾಂತಾ ಊರಿಗೆ ಊರೇ ಒಟ್ಟಿಗೆ ಉಣ್ಣುತ್ತದೆ ಎಂಬುದು ನನಗೇ ಏಕೆ ಹೊಳೆಯಲಿಲ್ಲ, ಅಮ್ಮ ಹೋದ ಮೇಲೆ ನನ್ನ ಶುಕ್ರವಾರವೆಂದರೆ ಒಲೆ ಮುಂದೆ ನಿಂತು ಪಾತ್ರೆಯಿಂದಲೇ ತಿನ್ನುವ ಫೂಲ್ ಕಾಳು, ಎದುರು ಮನೆಯಲ್ಲಿ ತಟ್ಟೆಗಳ ಸದ್ದು, ಹೋಗಿ ಕಿಟಕಿ ಮುಚ್ಚುತ್ತೇನೆ, ಚೀಟಿ ಬರೆಯುವಾಗ ವಾರದಲ್ಲಿ ಯಾವ ದಿನ ಖಾಲಿ ಎಂದು ನೋಡಿದ್ದೆ, ಅದೂ ನನ್ನ ವಾರದಲ್ಲಿ — ಡಾಕ್ಟ್ರಮ್ಮಾ, ಕಡ್ಡಿ ಆಗಿದೀರಲ್ಲ, ನಿಮಗೆ ಬಡಿಸೋರು ಯಾರೂ ಇಲ್ವಾ? ಇದ್ದಾರೆ ಹಾಜಾ, ಎನ್ನುತ್ತೇನೆ, ಎಷ್ಟು ಬೇಗ ಬಂತು ಸುಳ್ಳು — ಸೂಜಿ ಭಾನುವಾರಕ್ಕೆ ಬದಲಿಸಬೇಕು, ಭಾನುವಾರ ಶಾಲೆ ಶುರು, ಬೇಡ, ಗುರುವಾರ ಸಂಜೆ, ಶುಕ್ರವಾರಕ್ಕೂ ಹೊಟ್ಟೆ ತೊಳಸಿದರೆ, ಈ ಸಲ ಅವರನ್ನೇ ಕೇಳಬೇಕು — ಐದು ನಿಮಿಷ, ಗಾಳಿ ಬಿಟ್ಟೆ, ರಕ್ತ ನುಗ್ಗಿತು, ಬೆರಳು ಕೆಂಪೇರಿದವು, ಜೀವ ಬಂತು ಅಜ್ಜಿ, ಜೀವ ಬಂತು, ಇಪ್ಪತ್ತು ಸೆಕೆಂಡು, ನಲವತ್ತು, ಹಿಗ್ಗು ಮಗಳೇ, ಅರವತ್ತು, ಎರಡು ಬಿಳಿ ಗೆರೆ, ನಡುವೆ ಕಪ್ಪು, ಎಪ್ಪತ್ತು, ಎರಡು ಬಿಳಿ ಗೆರೆ, ನಡುವೆ ಅಷ್ಟೇ ಕಪ್ಪು, ಅಷ್ಟೇ