ಅವ್ವ ಬಣ್ಣ ಹಚ್ಚಿದ್ದು

ನಮ್ಮ ಓಣಿಯಲ್ಲಿ ಯಾರೂ ಬಿಳಿ ಬಟ್ಟೆ ಉಡುತ್ತಿರಲಿಲ್ಲ. ಈ ಮಗ್ಗುಲ ಮನೆಯಿಂದ ಆ ಮಗ್ಗುಲ ಮನೆಗೆ ಕಟ್ಟಿದ ಹಗ್ಗಗಳ ಮೇಲೆ ವರ್ಷವಿಡೀ ಹಸಿ ನೂಲಿನ ಲಡಿಗಳು ತೂಗುತ್ತಿದ್ದವು. ಕೆಂಪು, ನೀಲಿ, ದಾಳಿಂಬೆ, ಗಿಣಿಹಸಿರು. ಕೆಳಗೆ ನಡೆದು ಹೋಗುವವರ ನೆತ್ತಿಯ ಮೇಲೆ, ಹೆಗಲ ಮೇಲೆ ಹನಿಗಳು ಬೀಳುತ್ತಲೇ ಇದ್ದವು. ಶಾಲೆಯಲ್ಲಿ ನಾವು ಯಾವ ಓಣಿಯವರೆಂದು ಯಾರೂ ಕೇಳುತ್ತಿರಲಿಲ್ಲ. ಅಂಗಿಯ ಬೆನ್ನು ನೋಡಿದರೆ ಸಾಕಿತ್ತು.

ಅಪ್ಪ ಸಿದ್ರಾಮಪ್ಪ ನೇಕಾರರ ನೂಲಿಗೆ ಬಣ್ಣ ಹಾಕಿ ಕೊಡುತ್ತಿದ್ದ. ಹಿತ್ತಲಿನ ತಗಡಿನ ಚಪ್ಪರದಡಿ ಅವನ ಹಂಡೆಗಳು ಕುದಿಯುತ್ತಿದ್ದವು. ಒಂದೇ ಹಂಡೆಯಲ್ಲಿ, ಒಂದೇ ಬಣ್ಣದಲ್ಲಿ ಅದ್ದಿದ ನೂಲು ಒಮ್ಮೆ ಗಟ್ಟಿಯಾಗಿ ಬಣ್ಣ ಹಿಡಿದರೆ, ಇನ್ನೊಮ್ಮೆ ಮೊದಲ ತೊಳೆತಕ್ಕೇ ಎಲ್ಲವನ್ನೂ ಬಿಟ್ಟುಕೊಡುತ್ತಿತ್ತು. ಯಾಕೆ ಹೀಗೆ ಎಂದು ನಾನು ಕೇಳಿದರೆ ಅದು ನೀರಿನ ಗುಣ ಎನ್ನುತ್ತಿದ್ದ. ನೀರಿನಲ್ಲಿ ಅಂಥದ್ದೇನಿದೆ ಎಂದು ಮತ್ತೆ ಕೇಳಿದರೆ, ನೀನೇ ಓದಿ ನನಗೆ ಹೇಳು ಎಂದು ನಗುತ್ತಿದ್ದ. ನಾನು ಆ ಮಾತನ್ನು ನಿಜವೆಂದೇ ತಿಳಿದೆ. ಕಾಲೇಜಿನಲ್ಲಿ ರಸಾಯನಶಾಸ್ತ್ರ ತೆಗೆದುಕೊಂಡೆ. ಪದವಿ ಮುಗಿದ ವರ್ಷ, ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯದಲ್ಲಿ ಬಣ್ಣದ ಶಾಸ್ತ್ರವನ್ನೇ ಪ್ರತ್ಯೇಕವಾಗಿ ಕಲಿಸುತ್ತಾರೆಂದು ನಮ್ಮ ಮಲಕಾಜಪ್ಪ ಮಾಸ್ತರು ಪತ್ತೆ ಹಚ್ಚಿಕೊಂಡು ಬಂದರು. ಅರ್ಜಿ ಬರೆಸಿದವರೂ ಅವರೇ. ಸೀಟು ಸಿಕ್ಕಿತು. ಕಲಿಕೆಯ ಶುಲ್ಕವನ್ನೂ ಮನ್ನಾ ಮಾಡಿದರು. ಆದರೆ ಅಲ್ಲಿಗೆ ಹೋಗುವ ಖರ್ಚು, ಹೋದ ಮೇಲೆ ಮೊದಲ ವರ್ಷ ಬದುಕುವ ಖರ್ಚು ನಮ್ಮದೇ ಆಗಿತ್ತು.

ಅಪ್ಪ ಒಂದು ವಾರ ಚಪ್ಪರದಡಿ ಹಂಡೆಗಳನ್ನು ತಟ್ಟಿ ತಟ್ಟಿ ನೋಡುತ್ತಿದ್ದ. ಚಪ್ಪರವನ್ನೂ ಹಂಡೆಗಳನ್ನೂ ಮಾರಿ, ಬೇರೆಯವರ ಕೈಕೆಳಗೆ ದುಡಿಯುವ ಲೆಕ್ಕ ಅವನ ತಲೆಯಲ್ಲಿ ಓಡುತ್ತಿತ್ತೆಂದು ನನಗೆ ಗೊತ್ತಾಯಿತು. ಹಾಗೆ ಮಾಡುವುದಾದರೆ ನಾನು ಹೋಗುವುದೇ ಇಲ್ಲ ಎಂದೆ. ಈ ಸುದ್ದಿ ಮಾಸ್ತರ ಕಿವಿಗೆ ಬಿತ್ತು. ಅವರು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರೂ ಅವರ ಜೀವವಿದ್ದದ್ದು ಓಣಿಯ ನಾಟ್ಯಸಂಘದಲ್ಲಿ. ಸಂಜೆ ಸಂಘದವರನ್ನೆಲ್ಲ ಕರೆದುಕೊಂಡು ನಮ್ಮ ಪಡಸಾಲೆಗೇ ಬಂದು ಕುಳಿತರು.

ಸಹಾಯಾರ್ಥ ನಾಟಕ ಆಡೋಣ ಎಂಬುದು ಅವರ ಯೋಜನೆ. ಊರಿನ ಟಾಕೀಸಿನವರು ಮಧ್ಯಾಹ್ನದ ಹೊತ್ತು ಬಾಡಿಗೆಯಿಲ್ಲದೆ ಜಾಗ ಕೊಡಲು ಒಪ್ಪಿದ್ದರು. ಹಿಂದೊಮ್ಮೆ ನಾಟಕ ಕಂಪನಿಯೊಂದು ಊರೂರು ಆಡಿ ಹೆಸರು ಮಾಡಿದ್ದ 'ಕೋಟೆ ಕಾದ ರಾಣಿ' ಎಂಬ ನಾಟಕ ಮಾಸ್ತರಿಗೆ ಅರ್ಧ ನೆನಪಿತ್ತು; ಉಳಿದರ್ಧವನ್ನು ಹೇಗೋ ಹೊಂದಿಸಿದರಾಯಿತು. ರಾಜ, ಮಂತ್ರಿ, ಸೇನಾಪತಿ ಎಲ್ಲರೂ ಓಣಿಯಲ್ಲೇ ಇದ್ದರು. ತೊಡಕು ರಾಣಿಯದು. ಅಂಥ ಹಾಡುಗಾರಿಕೆಯ ಪಾತ್ರಕ್ಕೆ ಹೊರಗಿನಿಂದ ನಟಿಯನ್ನು ಕರೆಸಬೇಕು. ಕರೆಸಿದರೆ ಕೂಡಿದ್ದೆಲ್ಲ ಅವಳ ಸಂಭಾವನೆಗೇ ಹೋಗಬೇಕು. ಹಾರ್ಮೋನಿಯಂ ಬಾರಿಸುವವನು ಗಂಡಸರಲ್ಲೇ ಒಬ್ಬರಿಗೆ ಸೀರೆ ಉಡಿಸೋಣವೆಂದ. ಸೇನಾಪತಿಯ ಮೀಸೆಯನ್ನು ನೋಡಿ ಎಲ್ಲರೂ ನಕ್ಕರು.

ಆಗ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅವ್ವ ಹೇಳಿದಳು: "ಆ ಪಾತ್ರ ನಾ ಮಾಡ್ತೀನ್ರಿ, ಮಾಸ್ತರ."

ಅವ್ವನ ಹೆಸರು ನಿಂಗವ್ವ. ನಾಲ್ಕು ಜನರ ಮುಂದೆ ಅವಳು ದನಿ ಎತ್ತಿದ್ದನ್ನು ನಾನು ಕಂಡಿರಲಿಲ್ಲ. ಓಣಿಯಲ್ಲಿ ನಾಟಕದ ತಾಲೀಮು ನಡೆದಾಗ ಅವಳು ಕಿಟಕಿ ಮುಚ್ಚಿಕೊಳ್ಳುತ್ತಿದ್ದಳು. ಅವಳಿಗೆ ನಾಟಕವೆಂದರೆ ಆಗುವುದಿಲ್ಲ ಎಂದೇ ನಾನು ತಿಳಿದಿದ್ದೆ. ತಮಾಷೆ ಮಾಡುತ್ತಿದ್ದಾಳೆಂದುಕೊಂಡು ನಗಲು ಹೋದೆ. ಅಪ್ಪನ ಮುಖ ನೋಡಿ ನಗು ಅಲ್ಲಿಗೇ ನಿಂತಿತು.

ಜನ ಎದ್ದು ಹೋದ ಮೇಲೆ ಅಪ್ಪ ನನ್ನನ್ನು ಚಪ್ಪರದ ಕಡೆಗೆ ಕರೆದು ಎಲ್ಲವನ್ನೂ ಹೇಳಿದ. ಮದುವೆಗೆ ಮುಂಚೆ ಅವ್ವ ನಿಂಗವ್ವನಾಗಿರಲಿಲ್ಲ, ಚಂದ್ರಪ್ರಭಾ ಆಗಿದ್ದಳು. ಹಾಡುವ ತಾಯಿಯ ಜೊತೆ ಆ ನಾಟಕ ಕಂಪನಿಯಲ್ಲೇ ಬೆಳೆದು, ರಾಣಿಯ ಪಾತ್ರ ಮಾಡುತ್ತಿದ್ದವಳು. ಕಂಪನಿ ಒಮ್ಮೆ ಈ ಸೀಮೆಯಲ್ಲಿ ಬಿಡಾರ ಹೂಡಿದಾಗ ಪರದೆಗಳಿಗೆ ಬಣ್ಣ ಹಾಕಿಕೊಡಲು ಹೋಗಿದ್ದವನು ಅಪ್ಪ. ಪರದೆಯ ಕೆಲಸ ಮುಗಿದರೂ ಅವನು ಹೋಗುವುದನ್ನು ನಿಲ್ಲಿಸಲಿಲ್ಲ. ಮುಂದೆ ತಾಯಿ ತೀರಿಕೊಂಡಳು, ಕಂಪನಿಯೂ ಮುರಿದು ಬಿತ್ತು. ಇಬ್ಬರೂ ಬೇರೊಂದು ಊರಿನ ಗುಡಿಯಲ್ಲಿ ಮಾಲೆ ಹಾಕಿಕೊಂಡರು. ಕಂಪನಿಯ ಹುಡುಗಿಯೆಂದರೆ ಮನೆಯೊಳಗೆ ಬಿಟ್ಟುಕೊಳ್ಳದ ಕಾಲ ಅದು. ಹಾಗಾಗಿ ಇವಳು ತಂದೆ ತಾಯಿ ಇಲ್ಲದೆ ಬಂಧುಗಳ ಮನೆಯಲ್ಲಿ ಬೆಳೆದ ಹುಡುಗಿಯೆಂದು ಅಪ್ಪ ತನ್ನ ತಾಯಿಗೆ ಹೇಳಿ ಮನೆ ತುಂಬಿಸಿಕೊಂಡಿದ್ದ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಓಣಿಯ ಗಂಡಸರೂ ಅವಳ ಎದುರು ಬೀಡಿ ಸೇದುತ್ತಿರಲಿಲ್ಲ. "ಇಷ್ಟ ವರ್ಷ ಮುಚ್ಚಿಟ್ಟೀನಿ, ಮಗಳ. ಗೊತ್ತಾದ್ರ ಆಯಿ ಈ ಮನ್ಯಾಗ ನೀರು ಸೈತ ಮುಟ್ಟಂಗಿಲ್ಲ" ಎಂದು ಅಪ್ಪ ತಲೆ ಹಿಡಿದುಕೊಂಡು ಕುಳಿತ.

ಆ ರಾತ್ರಿ ನನಗೆ ಬಂದದ್ದು ಹೆದರಿಕೆಯಲ್ಲ, ಬೆರಗು. ದೂರ ಹೋಗಬೇಕೆಂಬ ಆಸೆ ಹೊತ್ತವಳು ಈ ಮನೆಯಲ್ಲಿ ನಾನೊಬ್ಬಳೇ ಎಂದು ನಾನು ತಿಳಿದಿದ್ದೆ. ನೋಡಿದರೆ ಇಡೀ ಸೀಮೆ ಸುತ್ತಿ, ದೀಪದ ಬೆಳಕಿನಲ್ಲಿ ಸಾವಿರ ಜನರ ಮುಂದೆ ಹಾಡಿ ಬಂದವಳು ದಿನಾ ನನಗೆ ಜಡೆ ಹಾಕುತ್ತಿದ್ದಳು.

ಬೆಳಗ್ಗೆ ಆಯಿ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಪ್ಪ ಬೇಡ ಬೇಡವೆಂದು ಕೈಸನ್ನೆ ಮಾಡುತ್ತಿದ್ದರೂ ಅವ್ವ ಹೋಗಿ ಅವಳೆದುರು ಕುಳಿತಳು. ಸೆರಗು ಸರಿ ಮಾಡಿಕೊಂಡು, ತಾನು ಯಾರು, ಎಲ್ಲಿಂದ ಬಂದವಳು ಎಂಬುದನ್ನು ಒಂದನ್ನೂ ಬಿಡದೆ ಹೇಳಿದಳು. ನಾನೂ ಅಪ್ಪನೂ ಬಾಗಿಲ ಹಿಂದೆ ನಿಂತಿದ್ದೆವು. ಆಯಿ ಮೊರವನ್ನು ಕೆಳಗಿಡಲಿಲ್ಲ. ಕಲ್ಲುಗಳನ್ನು ಆರಿಸಿ ಆರಿಸಿ ಬೀದಿಗೆ ಒಗೆಯುತ್ತಲೇ ಇದ್ದಳು.

"ಮುಗೀತೇನು?" ಎಂದಳು ಕೊನೆಗೆ.

"ಮುಗೀತ್ರಿ, ಅತ್ತಿ."

"ನಿನ್ನ ಆ ನಾಟಕ ನಾ ಎರಡು ಸಲ ನೋಡೀನಿ. ನಿನ್ನ ಮಾವಗ ಗುಡಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿ ಹೋಗಿದ್ದೆ. ಹೊಸ್ತಿಲಾಗ ಸೇರು ಒದ್ದು ನೀ ಒಳಗ ಬಂದ ದಿನಾನ ಗುರ್ತು ಹಿಡದೆ."

ಬಾಗಿಲ ಹಿಂದಿನಿಂದ ಅಪ್ಪನೇ ಈಚೆ ಬಂದು, ಹಾಗಾದರೆ ಇಷ್ಟು ವರ್ಷ ಯಾಕೆ ಕೇಳಲಿಲ್ಲವೆಂದ.

"ನೀವು ಹೇಳ್ಲಿಲ್ಲ, ನಾ ಕೇಳ್ಲಿಲ್ಲ" ಎಂದಳು ಆಯಿ. "ಕೇಳಿದ್ರ ಬ್ಯಾಡ ಅನ್ನಬೇಕಾಗ್ತಿತ್ತು. ಬ್ಯಾಡ ಅನ್ನೂ ಮನಸ್ಸು ನನಗಿರ್ಲಿಲ್ಲ." ಮತ್ತೆ ಸೊಸೆಯ ಕಡೆ ತಿರುಗಿ ದನಿ ತಗ್ಗಿಸಿದಳು: "ಕೋಟೆ ಬಾಗಿಲು ಹಾಕೂ ಮುಂದ ಒಂದು ಹಾಡು ಹಾಡ್ತಿದ್ದೆಲ್ಲ, ಅದು ನೆನಪದ ಏನು ನಿನಗ?"

ಅವ್ವ ಅಳುತ್ತಳುತ್ತಲೇ ಹಾಡಿದಳು. ನೂಲು ಹರವಲು ಬಂದಿದ್ದ ನೆರೆಮನೆಯವರು ಲಡಿಗಳನ್ನು ಪಕ್ಕಕ್ಕೆ ಸರಿಸಿ ಇಣುಕಿದರು. ಅವರ ತಲೆಗಳ ಮೇಲೆ ನೀಲಿ ಹನಿ ಉದುರುತ್ತಿತ್ತು, ಯಾರೂ ಒರೆಸಿಕೊಳ್ಳಲಿಲ್ಲ.

ಮಾಸ್ತರಿಗೆ ಮರೆತುಹೋಗಿದ್ದ ಅರ್ಧ ನಾಟಕ ಅವ್ವನ ಬಾಯಲ್ಲಿತ್ತು. ಅವಳು ಹೇಳುತ್ತಾ ಹೋದಳು, ಅವರು ಬರೆದುಕೊಳ್ಳುತ್ತಾ ಹೋದರು. ಇಷ್ಟು ವರ್ಷ ಇದನ್ನೆಲ್ಲ ಹೇಗೆ ನೆನಪಿಟ್ಟೆ, ಬಿಟ್ಟು ಬಂದದ್ದಕ್ಕೆ ದುಃಖವಾಗಲಿಲ್ಲವೇ ಎಂದು ನಾನು ಕೇಳಿದಾಗ ಅವಳು ಹಿಟ್ಟು ನಾದುತ್ತಾ ಹೇಳಿದಳು: "ಬಿಟ್ಟಿದ್ದು ಯಾವಾಗ? ರೊಟ್ಟಿ ಬಡೀತ ದಿನಾ ಒಂದು ಅಂಕ ಮುಗಸ್ತಿದ್ದೆ. ಸಪ್ಪಳದಾಗ ನಿಮಗ ಕೇಳ್ತಿರ್ಲಿಲ್ಲ, ಅಷ್ಟ."

ಗೊಣಗುವವರು ಇರಲಿಲ್ಲವೆಂದಲ್ಲ. ಸಂಸಾರಸ್ಥ ಹೆಣ್ಣುಮಗಳು, ಮದುವೆಗೆ ಬಂದ ಮಗಳಿರುವವಳು ಹೀಗೆ ರಂಗ ಹತ್ತಿದರೆ ಓಣಿಯ ಮರ್ಯಾದೆ ಏನಾಗಬೇಕೆಂದು ಸಂಘದ ಅಧ್ಯಕ್ಷರೇ ತಾಲೀಮಿನ ಮೊದಲ ದಿನ ಕೇಳಿದರು. ಮರುದಿನ ಆಯಿ ತನ್ನ ಮಣೆಯನ್ನು ಕಂಕುಳಲ್ಲಿ ಹಿಡಿದು ಬಂದು ಎಲ್ಲರಿಗಿಂತ ಮುಂದೆ ಹಾಕಿಕೊಂಡು ಕುಳಿತಳು. ಅಧ್ಯಕ್ಷರು ಮೂರನೆಯ ದಿನ ತಮ್ಮ ಹೆಂಡತಿಯ ಬೆಳ್ಳಿ ಡಾಬನ್ನು ರಾಣಿಗೆಂದು ತಂದುಕೊಟ್ಟರು.

ನಾಟಕದ ದಿನ ಓಣಿಯ ಹಗ್ಗಗಳೆಲ್ಲ ಬರಿದಾಗಿದ್ದವು. ನಾನು ಹುಟ್ಟಿದಾಗಿನಿಂದ ಆ ಓಣಿಯ ಮೇಲೆ ಅಷ್ಟು ಆಕಾಶ ಕಂಡದ್ದು ಅದೇ ಮೊದಲು. ಲಡಿಗಳನ್ನೆಲ್ಲ ಟಾಕೀಸಿಗೆ ಒಯ್ದು, ಕೆಂಪನ್ನು ಬೊಂಬುಗಳಿಗೆ ಸಾಲಾಗಿ ಇಳಿಬಿಟ್ಟು ಅಪ್ಪ ಕೋಟೆಯ ಗೋಡೆ ಕಟ್ಟಿದ್ದ. ಫ್ಯಾನು ತಿರುಗಿದಾಗ ಕೋಟೆ ಸಣ್ಣಗೆ ಅಲುಗಾಡುತ್ತಿತ್ತು. ಜನ ಬೆಂಚು ತುಂಬಿ, ನೆಲ ತುಂಬಿ, ಕಿಟಕಿಗಳಲ್ಲಿ ಕುಳಿತಿದ್ದರು. ಸೇನಾಪತಿ ಮಾತು ಮರೆತು ಮೀಸೆ ತಿರುವಿದ್ದಕ್ಕೂ ಚಪ್ಪಾಳೆ ಬಿತ್ತು.

ಆಮೇಲೆ ರಾಣಿ ಬಂದಳು. ಅವಳು ನನ್ನ ಅವ್ವನೆಂಬುದನ್ನು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವಳು ಎತ್ತರವಾಗಿದ್ದಳು. ನಡೆಯುವಾಗ ನೆಲ ಅವಳಿಗೆ ದಾರಿ ಬಿಡುವಂತಿತ್ತು. ದನಿ ಎಲ್ಲಿಯೂ ಮೇಲೆ ಹೋಗಲಿಲ್ಲ; ಆದರೂ ಕಿಟಕಿಯಲ್ಲಿ ಕುಳಿತವರಿಗೂ ಕೇಳುತ್ತಿತ್ತು. ರಾಜ ಬರುವವರೆಗೆ ಕೋಟೆ ಕಾಯುತ್ತೇನೆಂದು ಬಾಗಿಲು ಹಾಕುವ ಹಾಡು ಮುಗಿದಾಗ ಪರದೆ ಬೀಳಬೇಕಿತ್ತು. ಬೀಳಲಿಲ್ಲ. ಪರದೆಯ ಹಗ್ಗ ಹಿಡಿದಿದ್ದ ಅಪ್ಪ ಅದನ್ನು ಮರೆತು ಬಾಯಿ ತೆರೆದು ನೋಡುತ್ತಾ ನಿಂತಿದ್ದ. ರಾಣಿ ಅಷ್ಟೂ ಹೊತ್ತು ಕೈ ಎತ್ತಿಕೊಂಡೇ ನಿಂತಳು. ಕೊನೆಗೆ ಮುಂದಿನ ಸಾಲಿನಿಂದ ಆಯಿಯ ದನಿ ಬಂತು: "ಸಿದ್ರಾಮ, ಹಗ್ಗಾ ಬಿಡೋ. ಆಕಿ ಕೈ ನೋಯ್ತಾವ." ಟಾಕೀಸಿಗೆ ಟಾಕೀಸೇ ನಕ್ಕಿತು. ಪರದೆಯ ಹಿಂದೆ ಅವ್ವನೂ ನಗುತ್ತಿದ್ದಳು. ಅಷ್ಟು ಜೋರಾಗಿ ಅವಳು ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಮರುದಿನ ಮತ್ತೆ ಆಡಬೇಕಾಯಿತು. ಅದರ ಮರುವಾರ ಸುತ್ತಲಿನ ಊರುಗಳಿಂದ ಕರೆ ಬಂತು. ಎತ್ತಿನಗಾಡಿಯಲ್ಲಿ, ಬಸ್ಸಿನ ಮೇಲೆ ಕಟ್ಟಿಕೊಂಡು ನೂಲಿನ ಕೋಟೆ ಊರೂರು ತಿರುಗಿತು. ಚಪ್ಪರ ಉಳಿಯಿತು, ಹಂಡೆಗಳು ಉಳಿದವು, ನನ್ನ ಪ್ರಯಾಣದ ಖರ್ಚೂ ಮೊದಲ ವರ್ಷದ ಅನ್ನವೂ ಕೂಡಿ ಬಂದವು. ಅಷ್ಟಾದ ಮೇಲೆ ನಿಲ್ಲಿಸಬಹುದಿತ್ತು. ಆದರೆ ಅಷ್ಟರಲ್ಲಿ ಮಾಸ್ತರು ಮುಂದಿನ ನಾಟಕಕ್ಕೆ ಕೈಹಾಕಿದ್ದರು. ಅದರಲ್ಲಿ ಅವ್ವನಿಗೆ ಎರಡು ಪಾತ್ರ.

ನಾನು ಹೊರಡುವ ದಿನವೇ ಮುಂದಿನ ಸ್ಟೇಶನ್ನಿನ ಊರಲ್ಲಿ ಅವರ ನಾಟಕವಿತ್ತು. ಅವ್ವ ಬೆಳಗ್ಗೆಯೇ ಸಂಘದವರ ಜೊತೆ ಬಸ್ಸು ಹತ್ತಿದಳು. ಆಯಿಯೂ ಮಣೆ ಹಿಡಿದು ಹೋದಳು. ಅವ್ವ ಮನೆಯಲ್ಲೇ ಬೀಳ್ಕೊಟ್ಟು ಹೋದದ್ದಕ್ಕೆ ನನಗೆ ಒಳಗೊಳಗೆ ಸ್ವಲ್ಪ ನೋವಾಗಿತ್ತು. ಬಂದರಿನವರೆಗೆ ಬರಲಿದ್ದ ಅಪ್ಪನ ಪಕ್ಕದಲ್ಲಿ ರೈಲಿನಲ್ಲಿ ಸುಮ್ಮನೆ ಕುಳಿತೆ.

ಮುಂದಿನ ಸ್ಟೇಶನ್ನು ಬಂತು. ಪ್ಲಾಟ್‌ಫಾರ್ಮಿನ ಬೇವಿನ ಮರದ ಕೆಳಗೆ ಜನ ವರ್ತುಲವಾಗಿ ನಿಂತು ಏನನ್ನೋ ನೋಡುತ್ತಿದ್ದರು. ಅವರ ನಡುವಿನಿಂದ ರಾಣಿ ಹೊರಬಂದಳು. ಜರಿಯ ಸೀರೆ, ಡಾಬು, ಕಂಕುಳಲ್ಲಿ ಕಿರೀಟ. ಒಂದು ಹುಬ್ಬು ಬರೆದಾಗಿತ್ತು, ಇನ್ನೊಂದು ಇನ್ನೂ ಬರೆದಿರಲಿಲ್ಲ. ಸ್ಟೇಶನ್ ಮಾಸ್ತರು ಏನೂ ತೋಚದೆ ಅವಳಿಗೆ ದಾರಿ ಮಾಡಿ ನಮಸ್ಕಾರ ಮಾಡಿದರು. ಅವಳು ಓಡಿಬಂದು ಕಿಟಕಿಯ ಕಂಬಿಗಳ ನಡುವೆ ಕೈ ತೂರಿಸಿ ನನ್ನ ಗಲ್ಲ ಹಿಡಿದಳು.

"ಅಲ್ಲಿ ಮಂದಿ ಮುಂದ ಮೊದಲನೇ ಸಲ ಮಾತಾಡೂ ಮುಂದ ಕಾಲು ನಡಗತಾವ" ಎಂದಳು. "ನಡಗಲಿ. ನನ್ನವೂ ದಿನಾ ನಡಗತಾವ. ಸೀರಿ ಒಳಗ ಯಾರಿಗೂ ಕಾಣಂಗಿಲ್ಲ."

ರೈಲು ಕೂಗಿತು. ದೂರದಲ್ಲಿ ನಮ್ಮ ಮಲಕಾಜಪ್ಪ ಮಾಸ್ತರು ನಾಟಕದ ಗಂಟೆ ಬಾರಿಸುತ್ತಾ ಅವಳನ್ನು ಕರೆಯುತ್ತಿದ್ದರು. ಅವ್ವ ಒಮ್ಮೆ ಆ ಕಡೆ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಬರುತ್ತೇನೆ ಎಂದು ನಾನು ಹೇಳಬೇಕಿತ್ತು, ಅವಳೇ ಹೇಳಿದಳು. ನೆರಿಗೆಯನ್ನು ಎತ್ತಿ ಹಿಡಿದು, ಹರೆಯದ ಹುಡುಗಿಯ ಹಾಗೆ ಪ್ಲಾಟ್‌ಫಾರ್ಮು ದಾಟಿ, ನಾಟಕ ನಡೆಯಲಿದ್ದ ಹುಣಸೆಮರಗಳ ಕಡೆ ಓಡತೊಡಗಿದಳು. ರೈಲು ಕದಲಿದ ಮೇಲೂ ನಾನು ಕಂಬಿಗೆ ಮುಖ ಒತ್ತಿ ನೋಡುತ್ತಲೇ ಇದ್ದೆ. ಮಧ್ಯಾಹ್ನದ ಬಿಸಿಲಲ್ಲಿ ಅವಳ ಕಂಕುಳಿನ ರಟ್ಟಿನ ಕಿರೀಟ ಮಿನುಗುತ್ತಾ, ಮಿನುಗುತ್ತಾ, ಮರಗಳೊಳಗೆ ಹೋಯಿತು.