ದಾಟದೆ ಉಳಿದ ಸೇತುವೆ

ಹೆಣವನ್ನು ವ್ಯಾನಿಗೇರಿಸಿ ಬಾಗಿಲು ಮುಚ್ಚುವಷ್ಟರಲ್ಲಿ ಆಕೆ ಅಡ್ಡ ಬಂದು ನಿಂತಳು.

"ಸೇತುವೆ ಮೇಲೆ ಬೇಡ. ಸುತ್ತುದಾರೀಲಿ ಕರ್ಕೊಂಡು ಹೋಗೋಣ."

ಮೈದುನ ಹಣೆ ಚಚ್ಚಿಕೊಂಡ. "ಅತ್ತಿಗೆ, ಸ್ಮಶಾನ ಹೊಳೆಯಾಚೆಗೇ ಇದೆ, ಕೂಗಿದರೆ ಕೇಳಿಸುತ್ತೆ. ಸುತ್ತಿ ಹೋದರೆ ಕತ್ತಲಾಗುತ್ತೆ. ಅಣ್ಣನ ಹಟ ಅಣ್ಣನ ಜೊತೇಲೇ ಹೋಗಲಿ ಬಿಡಿ."

"ಕೇಸು ಗೆದ್ದ ದಿನ ದಾಟ್ತೀನಿ ಅಂದಿದ್ದರು. ಈಗ ಬಾಯಿಲ್ಲ ಅಂತ ದಾಟಿಸ್ತೀರಾ?"

ಆ ಸೇತುವೆಯ ಟೆಂಡರಿಗೆ ಆಕೆಯ ಗಂಡನೂ ಅರ್ಜಿ ಹಾಕಿದ್ದ. ಲಕೋಟೆ ಒಡೆದಾಗ ಅವನ ದರವೇ ಕಡಿಮೆ. ಆಮೇಲೆ ಇಲಾಖೆ ಹೊಸ ಷರತ್ತೊಂದನ್ನು ಸೇರಿಸಿತು. ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಅದು ಒಬ್ಬ ಗುತ್ತಿಗೆದಾರನಿಗೆ ಮಾತ್ರ ಒಪ್ಪುತ್ತಿತ್ತು. ಗುತ್ತಿಗೆ ಪಡೆದ ಆತನನ್ನು ಊರು ನಗುಮುಖ ಎನ್ನುತ್ತಿತ್ತು. ಈಗ ಆತ ಹೂಹಾರ ಹಿಡಿದು ಮನೆ ಬಾಗಿಲಲ್ಲೇ ನಿಂತಿದ್ದ, ಆ ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ.

*

"ತಡೆಯಾಜ್ಞೆ ಕೇಳಲೇಬೇಕು," ಎಂದಿದ್ದರು ವಕೀಲರು. "ಕಟ್ಟಿ ಮುಗಿಸಿಬಿಟ್ಟರೆ ನಿಮ್ಮ ಕೇಸಲ್ಲಿ ಏನೂ ಉಳಿಯಲ್ಲ."

"ಬೇಡ ಸ್ವಾಮಿ," ಎಂದಿದ್ದ ಗಂಡ. "ಆಚೆ ದಡದ ಬಸುರಿಯರು ದೋಣೀಲಿ ಆಸ್ಪತ್ರೆಗೆ ಬರ್ತಾರೆ. ನನ್ನ ನ್ಯಾಯಕ್ಕೋಸ್ಕರ ಹೆರಿಗೆ ನೋವು ಕಾಯುತ್ತಾ? ಸೇತುವೆ ಏಳಲಿ. ಗುತ್ತಿಗೆ ಕೊಟ್ಟ ರೀತಿ ತಪ್ಪು ಅಂತ ಕೋರ್ಟು ಹೇಳಲಿ, ಸಾಕು."

ಮೆಟ್ಟಿಲಿಳಿಯುವಾಗ ಆಕೆ ಹರಿಹಾಯ್ದಳು. "ಧರ್ಮರಾಯ ನೋಡಿ, ನೀವು! ಕೈಗೆ ಬಂದ ತುತ್ತು ಬಿಟ್ಟುಕೊಟ್ಟಿರಿ."

"ದೇವರು ನೋಡ್ತಾನೆ ಕಣೆ."

"ದೇವರಿಗೂ ವಕಾಲತ್ತು ಬರ್ಕೊಟ್ಟಿದ್ದೀರಾ?"

ಅವನು ಅಂದು ನಕ್ಕಿದ್ದ. ಕೇಸಿನ ಖರ್ಚಿಗೆ ಮನೆ ಮಾರಿ ಬಾಡಿಗೆ ಕೋಣೆಗೆ ಪಾತ್ರೆಪಡಗ ಸಾಗಿಸಿದ ದಿನ ನಗಲಿಲ್ಲ. ಸೇತುವೆ ಎದ್ದ ಮೇಲೂ, ಬೇಸಿಗೆಯ ಬಿಸಿಲಲ್ಲೂ ಸುತ್ತುದಾರಿಯಲ್ಲೇ ನಡೆದ. ಆಕೆಯೂ ಹಿಂದೆಯೇ ನಡೆದಳು, ಗೊಣಗುತ್ತ.

*

ಕರಿ ಕೋಟು ಬಿಚ್ಚದೆಯೇ ವಕೀಲರು ಕೋರ್ಟಿನಿಂದ ನೇರ ವ್ಯಾನಿನ ಬಳಿಗೇ ಓಡಿಬಂದರು.

"ಗೆದ್ದೆವಮ್ಮ. ಇವತ್ತೇ ತೀರ್ಪಾಯ್ತು. ಗುತ್ತಿಗೆ ಕೊಟ್ಟಿದ್ದು ಕಾನೂನಿಗೆ ವಿರುದ್ಧ ಅಂದರು. ಆದರೆ ಸೇತುವೆ ಮುಗಿದಿದೆ, ಜನ ನೆಮ್ಮದಿಯಾಗಿ ಓಡಾಡ್ತಿದಾರೆ, ಈಗ ಏನೂ ಮಾಡೋ ಹಾಗಿಲ್ಲ ಅಂತಲೂ ಅಂದರು."

"ಕದ್ದಿದ್ದು ನಿಜ, ಉಂಡು ಅರಗಿಸಿಕೊಂಡಾಯ್ತು, ಇನ್ನು ಕಕ್ಕಿಸೋದು ಬೇಡ," ಎಂದ ಪಕ್ಕದ ಮನೆಯ ದರ್ಜಿ.

ಆಕೆ ವ್ಯಾನಿನ ಬಾಗಿಲು ಬಿಟ್ಟಳು. "ಗೆದ್ದರು ತಾನೇ? ಹಾಗಾದರೆ ಸೇತುವೆ ಮೇಲೇ ನಡೀರಿ."

ಸೇತುವೆಯ ತುದಿಯಲ್ಲಿ ಡ್ರೈವರ್ ಗಾಡಿ ನಿಲ್ಲಿಸಿದ. "ಎಲ್ಲಾ ಇಳೀರಿ. ನಡುವಿನ ಕಂಬ ತುಸು ಕುಸಿದಿದೆ. ಗಾಡಿ ಖಾಲಿ ಹೋಗುತ್ತೆ, ಜನ ನಡ್ಕೊಂಡು ಬರಬೇಕು."

"ದಿನಾ ಹಿಂಗೇ ಅತ್ತಿಗೆ," ಎಂದ ಮೈದುನ. "ನೀವು ಈ ಕಡೆ ಬಂದೇ ಇಲ್ಲವಲ್ಲ."

ಆಕೆ ವಕೀಲರತ್ತ ತಿರುಗಿದಳು. "ಇದನ್ನ ಕೋರ್ಟಿಗೆ ಹೇಳಲಿಲ್ಲವಾ?"

ಅವರು ಕೋಟಿನ ಗುಂಡಿ ತಿರುವಿದರು. "ಗುತ್ತಿಗೆ ಕೊಟ್ಟ ರೀತಿ ಸರಿಯೋ ತಪ್ಪೋ, ಅಷ್ಟೇ ಅಲ್ಲಿ ವಿಚಾರಣೆ ಅಮ್ಮ. ಸೇತುವೆ ಗಟ್ಟಿಯೋ ಅಲ್ಲವೋ ಅನ್ನೋದು ಆ ಕೋರ್ಟಿನ ಪ್ರಶ್ನೆ ಅಲ್ಲ."

ಒಬ್ಬೊಬ್ಬರಾಗಿ ಇಳಿದರು. ಮೈದುನ ಕೈ ಚಾಚಿದ. ಆಕೆ ಕದಲಲಿಲ್ಲ.

"ನಾನು ಇಳಿಯಲ್ಲ. ಗೆದ್ದವರ ಜೊತೇಲಿ ದಾಟ್ತೀನಿ."

ಗಾಡಿ ಬಸುರಿಯಂತೆ ಭಾರವಾಗಿ, ಮೆಲ್ಲಗೆ ಹೊರಟಿತು. ಕೆಳಗೆಲ್ಲೋ ಕಬ್ಬಿಣ ನರಳಿತು. ಆಕೆ ಗಂಡನ ಪಾದಗಳನ್ನು ಅದುಮಿ ಹಿಡಿದು, ಹಿಂದಿನ ಗಾಜಿನಲ್ಲಿ ನೋಡಿದಳು. ಬಂಧುಗಳು ಸೇತುವೆಯ ಕಟಕಟೆ ಹಿಡಿದು ಸಾಲಾಗಿ ಬರುತ್ತಿದ್ದರು. ಅವರಾಚೆ, ದಡದಲ್ಲಿ, ಗಾಡಿಯ ಹಿಂದೆಯೇ ಬಂದಿದ್ದ ನಗುಮುಖನ ಕಾರು ಹಿಂದಕ್ಕೆ ಸರಿದು, ತಿರುಗಿ, ಸುತ್ತುದಾರಿಯ ಧೂಳಿಗಿಳಿಯಿತು.